ಮದ್ದೂರಿನಿಂದ ಬಿಡದಿಗೆ: ಎದೆ ಝಲ್ಲೆನಿಸುವ ಆಟಗಳಿಗೆ ಮೊದಲ ಸಲ ಹೊರಟವರಿಗೆ

ಮದ್ದೂರು ಎಂದೊಡನೆ ನಾಡಿಗೆಲ್ಲ ವಡೆ ನೆನಪಾಗುತ್ತದೆ. ಅದು ಮಂಡ್ಯ ಜಿಲ್ಲೆಯ ಮದ್ದೂರು. ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಬಂಡೀಪುರ ಕಾಡಿನ ಅಂಚಿನಲ್ಲಿ, ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಮೇಲೆ, ರಾತ್ರಿ 9ಕ್ಕೆ ಗೇಟು ಬೀಳುವ ಚೆಕ್‌ಪೋಸ್ಟಿನ ಊರು. ಮುಸ್ಸಂಜೆ ಹೊಲದ ಬದುವಿನಾಚೆ ಆನೆ ಘೀಳಿಟ್ಟಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಭಯದಲ್ಲಿ ಹಿಗ್ಗಿಲ್ಲ, ಏಕೆಂದರೆ ಅದರ ಕೊನೆ ನಮ್ಮ ಕೈಯಲ್ಲಿಲ್ಲ. ಥೀಮ್ ಪಾರ್ಕಿನ ಭಯ ಬೇರೆ ಬಗೆಯದು. ಅದಕ್ಕೆ ಮೊದಲೂ ಇದೆ, ಕೊನೆಯೂ ಇದೆ, ನಡುವೆ ಸೊಂಟಕ್ಕೊಂದು ಬೆಲ್ಟೂ ಇದೆ. ಹಾಗಾಗಿಯೇ ಕೂಗಿಕೊಂಡು ಇಳಿದವರು ಮರುಕ್ಷಣ ನಗುತ್ತ ಮತ್ತೆ ಸಾಲಿಗೆ ಓಡುತ್ತಾರೆ.

ನಮ್ಮ ಕಡೆಯ ಮಕ್ಕಳು ಇಂಥ ಆಟಗಳನ್ನು ಮೊದಲು ಕಾಣುವುದು ಜಾತ್ರೆಯಲ್ಲಿ. ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರು, ನಂಜನಗೂಡಿನ ದೊಡ್ಡ ಜಾತ್ರೆ, ಆಮೇಲೆ ಮೈಸೂರಿನ ದಸರಾ. ಶಾಲೆಯ ಪ್ರವಾಸದಲ್ಲೋ ನೆಂಟರ ಜೊತೆಗೋ ದೊಡ್ಡ ಪಾರ್ಕಿಗೆ ಹೋಗುವುದು ಅದಾದ ಮೇಲೆ. ಹಾಗೆ ಮೊದಲ ಸಲ ಹೊರಟವರು ಒಂದು ತಪ್ಪನ್ನು ಪದೇ ಪದೇ ಮಾಡುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಅತಿ ಎತ್ತರದ ಆಟಕ್ಕೆ ನುಗ್ಗಿ, ಇಳಿದ ಮೇಲೆ ವಾಂತಿ ಮಾಡಿಕೊಂಡು, ಮಿಕ್ಕ ದಿನವೆಲ್ಲ ಬೆಂಚಿನ ಮೇಲೆ ಮಲಗಿ ಕಳೆಯುತ್ತಾರೆ. ಈ ಆಟಗಳನ್ನು ಮೆಟ್ಟಿಲಿನಂತೆ ಒಂದೊಂದಾಗಿ ಹತ್ತಬೇಕು. ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂದು ಹತ್ತುವವರೇ ತೀರ್ಮಾನಿಸಬೇಕು.

ಎಲ್ಲಿಗೆ ಹೋಗುವುದು?

ಹತ್ತಿರದ್ದು ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿರುವ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿ.ಮೀ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೂ ಸಾಕು. ನೀರಿನ ಆಟಗಳೇ ಇಲ್ಲಿ ಮುಖ್ಯ. ಚಿಕ್ಕ ಮಕ್ಕಳಿರುವ ಮನೆಯವರು, ಮೊದಲ ಸಲ ಹೋಗುವವರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು.

ದೊಡ್ಡ ಆಟಗಳು ಬೇಕೆನ್ನುವವರ ಜಾಗ ಬಿಡದಿಯ ವಂಡರ್‌ಲಾ. ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಮೊದಲ ಪಾರ್ಕ್ ತೆರೆದರು, 2005ರಲ್ಲಿ ಬಿಡದಿಗೆ ಬಂದರು. ಮದ್ದೂರಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು ದಾಟಿ ಬೆಂಗಳೂರು ಹೆದ್ದಾರಿ ಹಿಡಿಯಬೇಕು. ದಾರಿಯಲ್ಲಿ ವಡೆಯ ಮದ್ದೂರೂ ಸಿಗುತ್ತದೆ. ನಡುವೆ ನಿಲ್ಲುವುದನ್ನೂ ಸೇರಿಸಿದರೆ ನಾಲ್ಕು ತಾಸಿನ ಹಾದಿ. ಪಾರ್ಕುಗಳು ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿಗೆ ತೆರೆದು ಸಂಜೆ 6ರ ಹೊತ್ತಿಗೆ ಮುಚ್ಚುತ್ತವೆ. ಆದ್ದರಿಂದ ಊರು ಬಿಡುವುದು 6 ಗಂಟೆಗೇ ಆಗಬೇಕು. ಬೈಕಿನಲ್ಲಿ ಹೊರಡುವ ಹುಡುಗರು ನೆನಪಿಡಬೇಕಾದದ್ದು: 2023ರ ಆಗಸ್ಟ್‌ನಿಂದ ಮೈಸೂರು–ಬೆಂಗಳೂರು ಹೆದ್ದಾರಿಯ ನಡುವಿನ ವೇಗದ ಪಥಗಳಿಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ನೀವು ಹಿಡಿಯಬೇಕಾದದ್ದು ಸರ್ವಿಸ್ ರಸ್ತೆ.

ಮೂರನೆಯದು ಮೈಸೂರಿನ ದಸರಾ ವಸ್ತುಪ್ರದರ್ಶನ. 1880ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ ಶುರುವಾದ ಈ ಪ್ರದರ್ಶನ ಈಗ ದೊಡ್ಡಕೆರೆ ಮೈದಾನದಲ್ಲಿ ನಡೆಯುತ್ತದೆ. ದಸರಾ ಮುಗಿದ ಮೇಲೂ ಹಲವು ವಾರ ಇರುತ್ತದೆ. ಜೈಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್ ಎಲ್ಲವೂ ಅಲ್ಲಿ ಸಿಗುತ್ತವೆ. ಒಂದೊಂದು ಆಟಕ್ಕೂ ಬೇರೆ ಟಿಕೆಟ್ ಇರುವುದರಿಂದ, ಎರಡೇ ಆಟ ಸಾಕೆನ್ನುವವರಿಗೆ ಖರ್ಚು ಕಡಿಮೆ.

ಬಾಗಿಲ ಚೌಕಟ್ಟಿನ ಮೇಲೊಂದು ಗೆರೆ

ಹೊರಡುವ ಹಿಂದಿನ ದಿನ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಎತ್ತರ ಅಳೆಯಿರಿ. 140 ಸೆಂ.ಮೀ., ಅಂದರೆ 4 ಅಡಿ 7 ಅಂಗುಲದ ಹತ್ತಿರ ಒಂದು ಗೆರೆ ಎಳೆಯಿರಿ. ದೊಡ್ಡ ಪಾರ್ಕುಗಳಲ್ಲಿ ಹೆಚ್ಚು ರಭಸದ ಆಟಗಳಿಗೆ ಸಾಮಾನ್ಯವಾಗಿ ಕೇಳುವ ಎತ್ತರ ಇದು. ಕೆಲವು ಆಟಗಳಿಗೆ ಇನ್ನೂ ಕಡಿಮೆ ಸಾಕು. ನಿಖರ ಅಳತೆಯನ್ನು ಪ್ರತಿ ಆಟದ ಮುಂದಿನ ಬೋರ್ಡಿನಲ್ಲಿ ಬರೆದಿರುತ್ತಾರೆ. ಇದು ವಯಸ್ಸಿನ ಲೆಕ್ಕವಲ್ಲ, ದೇಹದ ಲೆಕ್ಕ. ಭುಜದ ಮೇಲಿಂದ ಇಳಿಯುವ ಕಬ್ಬಿಣದ ತೋಳು ಇಷ್ಟು ಎತ್ತರದ ಮೈಯನ್ನು ಹಿಡಿಯಲೆಂದೇ ಮಾಡಿದ್ದು, ಪುಟ್ಟ ಮೈ ಅದರ ಕೆಳಗಿಂದ ಜಾರಬಹುದು. ಚಪ್ಪಲಿಯೊಳಗೆ ಬಟ್ಟೆ ತುರುಕಿ ಎತ್ತರ ತೋರಿಸುವುದು ಮಗುವಿನ ಜೀವದ ಜೊತೆ ಆಡುವ ಆಟ. ಗೆರೆ ಮುಟ್ಟದ ಮಗುವಿಗೆ ಮನೆಯಲ್ಲೇ ತಿಳಿಹೇಳಿ: "ಈ ವರ್ಷ ಇವಿಷ್ಟು ಆಡೋಣ, ಗೆರೆ ದಾಟಿದ ವರ್ಷ ಆ ದೊಡ್ಡದು ಹತ್ತೋಣ." ಅಲ್ಲಿ ಗೇಟಿನ ಮುಂದೆ ಎಲ್ಲರೆದುರು ಅಳುವುದು ತಪ್ಪುತ್ತದೆ.

ಹೃದಯದ ತೊಂದರೆ, ಹೆಚ್ಚಿನ ಬಿ.ಪಿ., ಮೂರ್ಛೆ ರೋಗ, ಕುತ್ತಿಗೆ ಇಲ್ಲವೆ ಬೆನ್ನುಹುರಿಯ ನೋವು ಇರುವವರು, ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು ರಭಸದ ಆಟಗಳನ್ನು ಹತ್ತಲೇಬಾರದು. ಕುಡಿದವರೂ ಹತ್ತಬಾರದು. ಹೊಲದಲ್ಲಿ ಮೂಟೆ ಹೊತ್ತು ಬೆನ್ನು ಹಿಡಿದಿದ್ದರೂ ಹೇಳಿಕೊಳ್ಳದವರು ನಮ್ಮಲ್ಲಿ ಬಹಳ ಜನ. ಅವರನ್ನು ಮನೆಯವರೇ ಕೇಳಿ ತಿಳಿಯಬೇಕು.

ಬಟ್ಟೆ ಮೈಗೆ ಹೊಂದುವಂತಿರಲಿ. ದುಪಟ್ಟ, ಶಾಲು, ಸಡಿಲ ಸೆರಗು ತಿರುಗುವ ಯಂತ್ರಕ್ಕೆ ಸಿಕ್ಕಿಕೊಂಡರೆ ಕುತ್ತಿಗೆಗೇ ಅಪಾಯ. ಗೋ-ಕಾರ್ಟಿನಲ್ಲಂತೂ ಚಕ್ರದ ದಂಡ ಕೂರುವವರ ಬೆನ್ನ ಹಿಂದೆಯೇ ತಿರುಗುತ್ತಿರುತ್ತದೆ. ಜಡೆಯನ್ನು ಮೇಲಕ್ಕೆ ಸುತ್ತಿ ಗಂಟು ಹಾಕಿ, ಹೆಲ್ಮೆಟ್ಟಿನೊಳಗೆ ಸೇರಿಸಿದ ಮೇಲೆಯೇ ಕೂರಬೇಕು. ಮೊಬೈಲು, ಕನ್ನಡಕ, ಕಿವಿಯ ಜುಮುಕಿ, ಉದ್ದನೆಯ ಸರ ಇವನ್ನು ಕೆಳಗೆ ನಿಂತವರಿಗೆ ಕೊಟ್ಟು ಹತ್ತಿ. ಅಷ್ಟು ಎತ್ತರದಿಂದ ಬಿದ್ದ ಮೊಬೈಲು ಕೆಳಗಿನವರ ತಲೆಗೆ ಕಲ್ಲಾಗುತ್ತದೆ.

ಮೊದಲ ಮೆಟ್ಟಿಲು: ತೊಟ್ಟಿಲು ಮತ್ತು ಹಡಗು

ಜೈಂಟ್ ವೀಲ್ ಹಳೆಯ ಗೆಳೆಯ. ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ 1893ರಲ್ಲಿ ಅಮೆರಿಕದ ಷಿಕಾಗೊ ಮೇಳಕ್ಕೆ 264 ಅಡಿ ಎತ್ತರದ ಚಕ್ರ ನಿಲ್ಲಿಸಿದ. ನಮ್ಮ ಜಾತ್ರೆಯ ತೊಟ್ಟಿಲು ಅದರ ಮರಿ. ಇದರಲ್ಲಿ ರಭಸ ಕಡಿಮೆ, ಎತ್ತರ ಹೆಚ್ಚು. ಎತ್ತರದ ಅಂಜಿಕೆ ನಿಮಗೆ ಎಷ್ಟಿದೆ ಎಂದು ಅಳೆದು ನೋಡಲು ಇದಕ್ಕಿಂತ ಒಳ್ಳೆಯ ಆಟವಿಲ್ಲ. ವಂಡರ್‌ಲಾದ ಸ್ಕೈ ವೀಲ್ ಅನ್ನು ಗೋಪುರವೊಂದರ ತುದಿಯಲ್ಲೇ ಕೂರಿಸಿದ್ದಾರೆ. ಮೇಲೆ ಹೋದಾಗ ಕಾಲಡಿಗೆ ನೋಡದೆ ದೂರದ ಬೆಟ್ಟಗಳ ಸಾಲು ನೋಡಿ, ಮನಸ್ಸು ನಿಲ್ಲುತ್ತದೆ.

ಆಮೇಲೆ ಕೊಲಂಬಸ್, ಅಂದರೆ ತೂಗುವ ಹಡಗು. ಇದು ದೊಡ್ಡದೊಂದು ಉಯ್ಯಾಲೆ. ತುದಿಗೆ ಹೋಗಿ ಹಿಂದಿರುಗುವ ಕ್ಷಣದಲ್ಲಿ ಹೊಟ್ಟೆಯೊಳಗೆ ಏನೋ ಖಾಲಿಯಾದಂತೆ ಆಗುತ್ತದಲ್ಲ, ಮುಂದಿನ ಎಲ್ಲ ದೊಡ್ಡ ಆಟಗಳ ತಿರುಳು ಅದೇ. ಆಗ ನಾವೂ ಸೀಟೂ ಒಟ್ಟಿಗೆ ಬೀಳುತ್ತಿರುವುದರಿಂದ ಸೀಟು ನಮ್ಮನ್ನು ಮೇಲಕ್ಕೆ ಒತ್ತುವುದಿಲ್ಲ, ಮೈ ತೂಕ ಕಳೆದುಕೊಂಡಂತಾಗುತ್ತದೆ. ಹಡಗಿನ ನಡುವೆ ಕೂತವರಿಗೆ ಇದು ಕಡಿಮೆ, ಎರಡು ತುದಿಗಳಲ್ಲಿ ಕೂತವರಿಗೆ ಹೆಚ್ಚು. ಹಾಗಾಗಿ ಮೊದಲ ಸಲ ನಡುವೆ ಕೂತು, ಒಗ್ಗಿದರೆ ಎರಡನೇ ಸಲ ತುದಿಗೆ ಹೋಗಿ. ನಡುವಿನಲ್ಲೇ ಹೊಟ್ಟೆ ತೊಳಸಿದರೆ ಅಂದಿಗೆ ನಿಮ್ಮ ಮೆಟ್ಟಿಲು ಅಷ್ಟೇ. ಮುಂದೆ ನೀರಿನ ಆಟಗಳಿಗೆ ನಡೆಯಿರಿ.

ಎರಡನೇ ಮೆಟ್ಟಿಲು: ರೋಲರ್ ಕೋಸ್ಟರ್

ರೋಲರ್ ಕೋಸ್ಟರಿನ ಮೂಲ ರಷ್ಯಾದ ಚಳಿಗಾಲ. ಮರದ ದಿಬ್ಬಕ್ಕೆ ಹಿಮ ಹೆಪ್ಪುಗಟ್ಟಿಸಿ ಜನ ಅದರ ಮೇಲೆ ಜಾರುತ್ತಿದ್ದರು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಹಳಿಯ ಮೇಲೆ ಓಡಿಸಿದ ಬಂಡಿಯ ವೇಗ ಗಂಟೆಗೆ 10 ಕಿ.ಮೀ. ಮಾತ್ರ. ಅಬುಧಾಬಿಯಲ್ಲಿ 2010ರಲ್ಲಿ ಶುರುವಾದ ಫಾರ್ಮುಲಾ ರೊಸ್ಸಾ ಗಂಟೆಗೆ 240 ಕಿ.ಮೀ. ಓಡುತ್ತದೆ.

ಸಾಮಾನ್ಯ ಕೋಸ್ಟರಿನ ಬಂಡಿಯೊಳಗೆ ಎಂಜಿನ್ ಇರುವುದಿಲ್ಲ. ಸರಪಳಿ ಅದನ್ನು ಮೇಲಕ್ಕೆ ಎಳೆದು ಬಿಡುತ್ತದೆ, ಮಿಕ್ಕದ್ದೆಲ್ಲ ಇಳಿಜಾರಿನ ಕೆಲಸ. ಮುಂದಿನ ಸಾಲಿನಲ್ಲಿ ಕೂತರೆ ಕಣ್ಣೆದುರು ತೆರೆದ ಆಕಾಶ. ಹಿಂದಿನ ಸಾಲಿನಲ್ಲಿ ಕೂತರೆ ದಿಬ್ಬದ ತುದಿಯಿಂದ ಮುಂದಿನ ಡಬ್ಬಿಗಳು ನಿಮ್ಮನ್ನು ಜಗ್ಗಿ ಎಳೆದುಕೊಂಡು ಹೋಗುತ್ತವೆ, ಸೀಟಿನಿಂದ ಎದ್ದಂತಾಗುತ್ತದೆ. ಮೊದಲ ಸಲದವರಿಗೆ ನಡುವಿನ ಸಾಲೇ ವಾಸಿ.

ವಂಡರ್‌ಲಾದ ರಿಕಾಯ್ಲ್ ಇದರ ಮುಂದಿನ ಹಂತ. ತಲೆಕೆಳಗಾಗಿ ಸುತ್ತಿ, ಬಂದ ದಾರಿಯಲ್ಲೇ ಹಿಮ್ಮುಖವಾಗಿ ಮರಳುವ ಕೋಸ್ಟರ್ ಅದು. ಬೂಮರಾಂಗ್ ಎಂದು ಕರೆಯುವ ಈ ಮಾದರಿಯಲ್ಲಿ ಹೋಗುವಾಗ ಮೂರು, ಬರುವಾಗ ಮೂರು, ಒಟ್ಟು ಆರು ಸಲ ತಲೆ ಕೆಳಗಾಗುತ್ತದೆ. ಎಲ್ಲ ಮುಗಿಯುವುದು ಎರಡು ನಿಮಿಷದೊಳಗೆ. ಇಂಥ ಸುತ್ತು ಪೂರ್ಣ ದುಂಡಗಿರದೆ ನೀರ ಹನಿಯ ಆಕಾರದಲ್ಲಿರುವುದನ್ನು ಗಮನಿಸಿ. ಹಳೆಯ ಕಾಲದ ದುಂಡು ಸುತ್ತುಗಳು ಕುತ್ತಿಗೆಗೆ ಪೆಟ್ಟು ಕೊಡುತ್ತಿದ್ದವು. ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ 1976ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕೊಂದಕ್ಕೆ ಈ ಹನಿಯಾಕಾರವನ್ನು ಲೆಕ್ಕ ಹಾಕಿ ಕೊಟ್ಟ ಮೇಲೆ ತಲೆಕೆಳಗಿನ ಆಟಗಳು ಲೋಕಕ್ಕೆಲ್ಲ ಹರಡಿದವು.

ಹಾಗಿದ್ದರೂ ಸುತ್ತಿನ ಬುಡದಲ್ಲಿ ಮೈ ಮೂರು ಪಟ್ಟಿಗೂ ಹೆಚ್ಚು ಭಾರವಾಗುವುದುಂಟು. ನಾಲ್ಕೈದು ಕಿಲೋ ತೂಗುವ ತಲೆಯನ್ನು ಆ ಕ್ಷಣ ಕುತ್ತಿಗೆ ಹದಿನೈದು ಕಿಲೋದಂತೆ ಹೊರಬೇಕು. ಆದ್ದರಿಂದ ಹೊರಡುವ ಮುನ್ನವೇ ತಲೆಯನ್ನು ಹಿಂದಿನ ಒರಗಿಗೆ ಒತ್ತಿಟ್ಟುಕೊಳ್ಳಿ. ಪಕ್ಕದವರ ಮುಖ ನೋಡಲು ತಿರುಗಬೇಡಿ, ಬಗ್ಗಬೇಡಿ, ಹಲ್ಲುಗಳ ನಡುವೆ ನಾಲಿಗೆ ಇರದಂತೆ ನೋಡಿಕೊಳ್ಳಿ. ಇದೊಂದನ್ನು ಪಾಲಿಸಿದರೆ ಮರುದಿನದ ಕುತ್ತಿಗೆ ನೋವು ಬಹಳಮಟ್ಟಿಗೆ ತಪ್ಪುತ್ತದೆ.

ಮೂರನೇ ಮೆಟ್ಟಿಲು: ಬೀಳುವ ಗೋಪುರ

ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಭಯದ ಆಟ ಇದು. ಕಂಬದ ತುದಿಗೆ ಏರಿಸಿ ಒಮ್ಮೆಗೇ ಕೈಬಿಡುತ್ತಾರೆ. ವಂಡರ್‌ಲಾದ ಫ್ಲ್ಯಾಶ್ ಟವರ್ ಈ ಜಾತಿಯದು. ತಡೆಯಿಲ್ಲದೆ 30 ಮೀಟರ್ ಬೀಳಲು ಹಿಡಿಯುವುದು ಎರಡೂವರೆ ಸೆಕೆಂಡು, ಅಷ್ಟರೊಳಗೆ ವೇಗ ಗಂಟೆಗೆ 85 ಕಿ.ಮೀ. ದಾಟುತ್ತದೆ. ಬೀಳುವುದಕ್ಕಿಂತ ಮೇಲೆ ಕಾಯುವುದೇ ಕಷ್ಟ. ಆ ಹೊತ್ತಿನಲ್ಲಿ ಉಸಿರು ಬಿಗಿಹಿಡಿಯದೆ ನಿಧಾನವಾಗಿ ಹೊರಬಿಡುತ್ತಿರಿ. ಬೀಳುವಾಗ ಬಾಯಿ ತುಂಬ ಕೂಗಿ. ಕೂಗಿದರೆ ಉಸಿರು ತಾನೇ ಹೊರಬರುತ್ತದೆ, ಮೈ ಬಿಗಿಯುವುದಿಲ್ಲ.

"ಕರೆಂಟ್ ಹೋದರೆ?"

ಹೊತ್ತಿಲ್ಲದ ಹೊತ್ತಿನಲ್ಲಿ ಪಂಪ್‌ಸೆಟ್ಟಿನ ಕರೆಂಟ್ ಕಾದು ಬದುಕುವ ನಮಗೆ ಮೊದಲು ಹುಟ್ಟುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆಯೂ ಹೌದು. ಕೋಸ್ಟರ್ ಏರುವಾಗ ಕಟಕಟ ಎಂಬ ಸದ್ದು ಕೇಳುತ್ತದೆ. ಬಂಡಿಯ ಅಡಿಯ ಕಬ್ಬಿಣದ ಕೊಕ್ಕೆ ಹಳಿಯ ಹಲ್ಲುಗಳನ್ನು ಒಂದೊಂದಾಗಿ ದಾಟುವ ಸದ್ದು ಅದು. ಕರೆಂಟ್ ನಿಂತರೆ ಬಂಡಿ ಹಿಂದೆ ಜಾರುವುದಿಲ್ಲ, ಆ ಕೊಕ್ಕೆ ಹಲ್ಲಿಗೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಬೀಳುವ ಗೋಪುರಗಳಲ್ಲಿ ಸಾಮಾನ್ಯವಾಗಿ ಕಾಂತದ ಬ್ರೇಕ್ ಇರುತ್ತದೆ. ಲೋಹದ ಪಟ್ಟಿ ಬಲವಾದ ಕಾಂತಗಳ ನಡುವೆ ರಭಸದಿಂದ ಹಾಯುವಾಗ ಪಟ್ಟಿಯಲ್ಲಿ ತಾನಾಗಿಯೇ ವಿದ್ಯುತ್ ಹುಟ್ಟಿ ಬೀಳುವುದನ್ನು ತಡೆಯುತ್ತದೆ. ಇದಕ್ಕೆ ಹೊರಗಿನ ಕರೆಂಟ್ ಬೇಕಿಲ್ಲ. ನಡುವೆ ಎಲ್ಲಾದರೂ ಆಟ ನಿಂತರೆ ನೀವು ಮಾಡಬೇಕಾದದ್ದು ಒಂದೇ: ಬೆಲ್ಟ್ ಬಿಚ್ಚದೆ, ಇಳಿಯಲು ನೋಡದೆ, ಸಿಬ್ಬಂದಿ ಬರುವವರೆಗೆ ಕೂತಿರುವುದು.

ಊಟ, ತಲೆಸುತ್ತು, ಹೊತ್ತು

ತಲೆ ಸುತ್ತುವುದು ಹೇಡಿತನದಿಂದಲ್ಲ. ಒಳಗಿವಿಯೊಳಗಿನ ದ್ರವ "ತಿರುಗುತ್ತಿದ್ದೇನೆ" ಎನ್ನುತ್ತದೆ, ಕಣ್ಣು ಬೇರೇನನ್ನೋ ಹೇಳುತ್ತದೆ. ಎರಡರ ಮಾತು ಕೂಡದಿದ್ದಾಗ ಹೊಟ್ಟೆ ತೊಳಸುತ್ತದೆ. ಘಾಟಿ ಬಸ್ಸಿನಲ್ಲಿ ವಾಂತಿಯಾಗುವವರಿಗೆ ಇದು ಹೆಚ್ಚು. ಅಂಥವರು ಗರಗರ ತಿರುಗುವ ಆಟ ಬಿಟ್ಟು, ಮುಂದೆ ಓಡುವ ಆಟ ಆರಿಸಿಕೊಳ್ಳಲಿ. ಕಣ್ಣು ಮುಚ್ಚದೆ ದೂರದ ಒಂದೇ ಕಡೆ ನೋಟ ನೆಡಲಿ, ಎರಡು ಆಟದ ನಡುವೆ ಕಾಲು ಗಂಟೆ ನೆರಳಲ್ಲಿ ಕೂರಲಿ. ಒಂದು ಚೂರು ಶುಂಠಿ ಬಾಯಲ್ಲಿಟ್ಟುಕೊಂಡರೆ ಹಲವರಿಗೆ ಹಿತವಾಗುತ್ತದೆ.

ಖಾಲಿ ಹೊಟ್ಟೆಯೂ ಬೇಡ, ಬಿರಿಯುವ ಹೊಟ್ಟೆಯೂ ಬೇಡ. ಬಿಡದಿಯಲ್ಲಿ ಇಳಿದರೆ ಒಂದೆರಡು ತಟ್ಟೆ ಇಡ್ಲಿ ತಿನ್ನಿ, ಆಟ ಹತ್ತುವ ಹೊತ್ತಿಗೆ ಹಗುರಾಗಿರುತ್ತದೆ. ಮುದ್ದೆ, ಬಾಡೂಟವನ್ನು ರಾತ್ರಿಗೆ ಉಳಿಸಿಕೊಳ್ಳಿ. ಒಣ ಆಟಗಳನ್ನೆಲ್ಲ ಊಟಕ್ಕೆ ಮುಂಚೆ ಮುಗಿಸಿ, ಊಟವಾಗಿ ಒಂದು ತಾಸು ಕೂತು, ಬಿಸಿಲೇರಿದ ಮೇಲೆ ನೀರಿಗೆ ಹೋಗಿ. ಹೊರಗಿನ ಬುತ್ತಿಯನ್ನು ಬಹುಪಾಲು ಪಾರ್ಕುಗಳು ಒಳಗೆ ಬಿಡುವುದಿಲ್ಲ. ಅದನ್ನು ಲೆಕ್ಕದಲ್ಲಿಟ್ಟುಕೊಂಡು ಹಣ ಇಟ್ಟುಕೊಳ್ಳಿ. ಶಾಲೆಗಳ ಪ್ರವಾಸದ ತಿಂಗಳುಗಳಲ್ಲಿ, ಭಾನುವಾರಗಳಲ್ಲಿ ಸಾಲು ಉದ್ದ. ವಾರದ ನಡುವೆ ಹೋದರೆ ಅದೇ ಟಿಕೆಟ್ಟಿನಲ್ಲಿ ಹೆಚ್ಚು ಆಟ ಸಿಗುತ್ತದೆ.

ನೀರಿನ ಆಟ ಕೆರೆಯ ಈಜಲ್ಲ

ಸೀರೆ, ಜೀನ್ಸ್, ಹತ್ತಿ ಬಟ್ಟೆಗೆ ನೀರಿನಲ್ಲಿ ಪ್ರವೇಶ ಇರುವುದಿಲ್ಲ. ಅವು ನೀರು ಕುಡಿದು ಭಾರವಾಗುತ್ತವೆ, ಜಾರುಬಂಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ನೈಲಾನ್ ಬಟ್ಟೆ ಮನೆಯಿಂದಲೇ ಒಯ್ದರೆ ದುಡ್ಡು ಉಳಿಯುತ್ತದೆ. ಮೈ ತುಂಬ ಮುಚ್ಚುವ ನೈಲಾನ್ ಉಡುಪುಗಳೂ ಸಿಗುವುದರಿಂದ ಹೆಣ್ಣುಮಕ್ಕಳು ಸಂಕೋಚಕ್ಕೆ ಹೊರಗೆ ಉಳಿಯಬೇಕಾಗಿಲ್ಲ.

ಜಾರುವಾಗ ಬೆನ್ನ ಮೇಲೆ ಮಲಗಿ, ಕಾಲಿನ ಗಿಣ್ಣು ಒಂದರ ಮೇಲೊಂದು ಇಟ್ಟು, ಕೈಗಳನ್ನು ಎದೆಯ ಮೇಲೆ ಮಡಚಿ. ನಡುವೆ ಎದ್ದು ಕೂರಬೇಡಿ. ಮುಂದಿನವರು ಕೆಳಗಿನ ಕೊಳದಿಂದ ಆಚೆ ಹೋಗುವವರೆಗೆ ಹೊರಡಬೇಡಿ. ಅಲೆಯ ಕೊಳದಲ್ಲಿ ಈಜು ಬಾರದವರು ಸೊಂಟ ಮಟ್ಟದ ನೀರಿನಲ್ಲೇ ಇರಲಿ. ಕೆರೆಯಲ್ಲಿ ಈಜಿ ಗೊತ್ತಿರುವವರೂ ಅಲೆಯ ನೀರು ಬೇರೆ ಎಂಬುದನ್ನು ಮರೆಯಬಾರದು. ಅಲ್ಲಿ ಕಾವಲುಗಾರ ಇದ್ದರೂ ನಿಮ್ಮ ಮಗು ನಿಮ್ಮ ಕೈಯಳತೆಯಲ್ಲೇ ಇರಬೇಕು.

ಜಾತ್ರೆಯ ಆಟ ಹತ್ತುವ ಮುನ್ನ

ಜಾತ್ರೆಯ ಯಂತ್ರಗಳನ್ನು ಊರೂರಿಗೆ ಬಿಚ್ಚಿ ಜೋಡಿಸುತ್ತಾರೆ. ಹತ್ತುವ ಮುನ್ನ ಒಂದು ಸುತ್ತು ಖಾಲಿ ನಿಂತು ನೋಡಿ. ಕಂಬಗಳು ನೆಲದಲ್ಲಿ ಗಟ್ಟಿ ಕೂತಿವೆಯೇ? ತೊಟ್ಟಿಲ ಬಾಗಿಲ ಚಿಲಕ, ಪಿನ್ನು ಸರಿಯಾಗಿ ಬೀಳುತ್ತಿದೆಯೇ? ತುಕ್ಕು ಹಿಡಿದ ಜಾಗಕ್ಕೆ ತಂತಿ ಸುತ್ತಿ ನಿಲ್ಲಿಸಿದ್ದಾರೆಯೇ? ಕರೆಂಟಿನ ವೈರು ತೇವದ ನೆಲದಲ್ಲಿ ಬಿದ್ದಿದೆಯೇ? ಆಡಿಸುವವರ ಕಣ್ಣು ಆಟದ ಮೇಲಿದೆಯೋ ಮೊಬೈಲಿನ ಮೇಲೋ? ಇಬ್ಬರ ಸೀಟಿಗೆ ನಾಲ್ವರನ್ನು ತುಂಬುತ್ತಿದ್ದರೆ, ಮಳೆ ಗಾಳಿಯಲ್ಲೂ ಓಡಿಸುತ್ತಿದ್ದರೆ ಹತ್ತಬೇಡಿ. ಒಂದು ಸಂಶಯ ಬಂದರೂ ಟಿಕೆಟ್ಟಿನ ದುಡ್ಡು ಹೋಗಲಿ ಎಂದು ಇಳಿಯಿರಿ.

ಒಲ್ಲೆ ಎಂದವರನ್ನು ಬಿಟ್ಟುಬಿಡಿ

ಸಾಲಿನ ತುದಿಗೆ ಬಂದು ಮುಖ ಬಿಳಿಚಿಕೊಂಡ ಹುಡುಗನಿಗೆ ಜೊತೆಗಾರರು ಕೇಳುತ್ತಾರೆ: "ಏನ್ಲಾ, ಹೆದರ್ಕಂಡ್ಯಾ?" ಈ ಒಂದು ಮಾತಿಗೆ ಅಂಜಿ ಎಷ್ಟೋ ಮಕ್ಕಳು ಮನಸ್ಸಿಲ್ಲದೆ ಹತ್ತುತ್ತಾರೆ. ಬಲವಂತಕ್ಕೆ ಹತ್ತಿದವರು ಮೈ ಬಿಗಿಹಿಡಿಯುತ್ತಾರೆ, ನಡುವೆ ಬೆಲ್ಟಿಗೆ ಕೈ ಹಾಕುತ್ತಾರೆ, ಮುಂದೆ ತೊಟ್ಟಿಲೆಂದರೂ ನಡುಗುವಂತಾಗುತ್ತಾರೆ. ಕಡೇ ಗಳಿಗೆಯಲ್ಲಿ ಬೇಡವೆನಿಸಿದರೂ ಸಿಬ್ಬಂದಿಗೆ ಹೇಳಿ ಇಳಿಯಬಹುದು ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರು, ಮೇಡಂಗಳಲ್ಲಿ ನನ್ನ ಕೋರಿಕೆ ಇದೇ: ಬಸ್ಸಿನಲ್ಲೇ ಒಂದು ಮಾತು ಹೇಳಿಬಿಡಿ, ಕೆಳಗೆ ನಿಂತು ಗೆಳೆಯರ ಚೀಲ ಕಾಯುವವನೂ ಈ ಆಟದಲ್ಲಿ ಒಬ್ಬ ಎಂದು.

ಕಾಡಿನಂಚಿನ ನಮಗೆ ಇದು ಹೊಸ ಪಾಠವೂ ಅಲ್ಲ. ಆನೆ ರಸ್ತೆಯಲ್ಲಿದ್ದರೆ ಗಾಡಿ ನಿಲ್ಲಿಸಿ ಕಾಯುವವನನ್ನು ಇಲ್ಲಿ ಯಾರೂ ಹೇಡಿ ಎನ್ನುವುದಿಲ್ಲ, ತಿಳಿದವನು ಎನ್ನುತ್ತೇವೆ. ಅದೇ ಮರ್ಯಾದೆ ಆಟದ ಸಾಲಿನಲ್ಲಿ ನಿಂತ ಮಗುವಿಗೂ ಸಲ್ಲಬೇಕು.

ಮರಳುವ ದಾರಿ

ಬಿಡದಿಯಿಂದ 6ಕ್ಕೆ ಹೊರಟರೆ ಗುಂಡ್ಲುಪೇಟೆ ಮುಟ್ಟುವಾಗ ರಾತ್ರಿ 9 ದಾಟಿರುತ್ತದೆ. 2009ರಿಂದ ಜಾರಿಯಲ್ಲಿರುವ ನಿಯಮದಂತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡುರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ಗೇಟಿನಾಚೆ ವಯನಾಡಿನ ಕಡೆಗೆ ಹೋಗಬೇಕಾದ ನೆಂಟರು ಜೊತೆಗಿದ್ದರೆ ಪಾರ್ಕಿನಿಂದ ಮಧ್ಯಾಹ್ನ 3ಕ್ಕೇ ಹೊರಡಿ, ಇಲ್ಲವೆ ಮೈಸೂರಿನಲ್ಲಿ ಉಳಿದು ಬೆಳಿಗ್ಗೆ ಬನ್ನಿ. ಗೇಟಿನ ಈಚೆಯವರೂ ದಣಿದ ಕಣ್ಣಿನಲ್ಲಿ ಗಾಡಿ ಓಡಿಸಬೇಡಿ. ಕಾಡಿನಂಚಿನ ರಸ್ತೆಯಲ್ಲಿ ಯಾವ ತಿರುವಿನಲ್ಲಿ ಏನು ನಿಂತಿರುತ್ತದೋ ಹೇಳಲಾಗದು, ಆ ಭಯಕ್ಕೆ ಬೆಲ್ಟ್ ಇಲ್ಲ. ಮನೆ ತಲುಪಿದ ಮಕ್ಕಳು ಮರುದಿನ ಬಾಗಿಲ ಚೌಕಟ್ಟಿನ ಗೆರೆಯ ಪಕ್ಕ ಬೆನ್ನು ಕೊಟ್ಟು ನಿಲ್ಲುತ್ತಾರೆ, ಇನ್ನೆಷ್ಟು ಬೆರಳು ಬೆಳೆಯಬೇಕೆಂದು ನೋಡಲು. ಆ ಗೆರೆಯನ್ನು ಅಳಿಸದೆ ಹಾಗೇ ಉಳಿಸಿಕೊಳ್ಳಿ.